‘ಪೈಲಟ್ ತಪ್ಪು’ ಎಂಬ ಅರ್ಧ ಸತ್ಯ

ವಿಮಾನ ಬಿದ್ದಾಗ ಸತ್ತ ಪೈಲಟ್ ಮೇಲೆ ತಪ್ಪು ಹೊರಿಸುವುದು ಸುಲಭ. ಆತ ಎದ್ದು ಬಂದು ಉತ್ತರ ಕೊಡುವುದಿಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ವೇಗ ಕುಸಿದದ್ದನ್ನು ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂದಿತು ತನಿಖೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅರ್ಧ ಎನ್ನುತ್ತಿದ್ದೇನೆ.

ನಮ್ಮ ಮಸರಕಲ್ ಕಡೆ ಎತ್ತಿನ ಹಗ್ಗ ಹಿಡಿದವರಿಗೆ ಗೊತ್ತು, ಎತ್ತು ಜಗ್ಗಿದರೆ ಮೊದಲು ತಿಳಿಯುವುದು ಕೈಗೆ. ಹಳೆಯ ಸಣ್ಣ ವಿಮಾನಗಳೂ ಹಾಗೆಯೇ. ಪೈಲಟ್ ಹಿಡಿದ ಕೋಲಿನಿಂದ ರೆಕ್ಕೆ, ಬಾಲದ ಪಟ್ಟಿಗಳವರೆಗೆ ಉಕ್ಕಿನ ತಂತಿ ಹೋಗುತ್ತಿತ್ತು. ಗಾಳಿಯ ಒತ್ತಡ ಅಂಗೈಗೆ ಬರುತ್ತಿತ್ತು. ಎ-320ರಲ್ಲಿ ಇರುವುದು ಫ್ಲೈ-ಬೈ-ವೈರ್. ಪೈಲಟ್‌ನ ಕೋಲು ಕಂಪ್ಯೂಟರಿಗೆ ವಿದ್ಯುತ್ ಸಂದೇಶ ಕಳಿಸುತ್ತದೆ, ಅಷ್ಟೇ. ವೇಗ, ರೆಕ್ಕೆಗೆ ಗಾಳಿ ಬಡಿಯುವ ಕೋನ ಎಲ್ಲವನ್ನೂ ಲೆಕ್ಕ ಹಾಕಿ, ಪಟ್ಟಿ ಎಷ್ಟು ತಿರುಗಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್; ತಿರುಗಿಸುವುದು ಹೈಡ್ರಾಲಿಕ್ ಯಂತ್ರ. ಒಬ್ಬ ಪೈಲಟ್ ಕೋಲು ಎಳೆದರೆ ಪಕ್ಕದವರ ಕೋಲು ಅಲುಗುವುದಿಲ್ಲ. ಕಂಪ್ಯೂಟರ್ ಎಂಜಿನ್‌ನ ಬಲ ಇಳಿಸಿದರೂ ಥ್ರಾಟಲ್ ಇದ್ದಲ್ಲೇ ಇರುತ್ತದೆ. ಆ ದಿನ ಎಂಜಿನ್‌ಗಳು ಐಡಲ್‌ನಲ್ಲಿದ್ದವು. ಸುದ್ದಿ ಪರದೆಯ ಮೇಲಿತ್ತು, ಕೈಗೆ ಬರಲಿಲ್ಲ.

ಹಾಗಾದರೆ ಕಂಪ್ಯೂಟರ್ ಬೇಡವೇ? ಖಂಡಿತ ಬೇಕು. ಅದೇ ಎಚ್‌ಎಎಲ್ ನಿಲ್ದಾಣದಿಂದ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ಅನ್ನು, ಚುರುಕಾಗಿ ತಿರುಗಲೆಂದು ಬೇಕೆಂತಲೇ ಅಸ್ಥಿರವಾಗಿ ರೂಪಿಸಿದ್ದಾರೆ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಅದು ಹಾರಲಾರದು. ಆದ್ದರಿಂದಲೇ ಅದರಲ್ಲಿ ನಾಲ್ಕು ಪಟ್ಟು ವ್ಯವಸ್ಥೆ: ಒಂದು ದಾರಿ ತಪ್ಪಿದರೆ ಉಳಿದವು ಅದನ್ನು ಹೊರಗಿಡುತ್ತವೆ. ಯಂತ್ರವನ್ನು ನಂಬುವುದಕ್ಕೆ ಮೊದಲು ಅನುಮಾನಿಸಿದವರ ಕೆಲಸ ಅದು.

ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ಆದದ್ದು ಇದಕ್ಕೆ ಉಲ್ಟಾ. ಎಂಕ್ಯಾಸ್ ಎಂಬ ತಂತ್ರಾಂಶ ಒಂದೇ ಸೆನ್ಸರಿನ ಮಾತು ನಂಬಿ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. ಮೊದಲ ಅಪಘಾತದ ತನಕ ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. 2018 ಮತ್ತು 2019ರಲ್ಲಿ, ಎರಡು ವಿಮಾನಗಳಲ್ಲಿ, 346 ಜನ ಸತ್ತರು. ಆಗಲೂ ಪೈಲಟ್‌ಗಳ ಕೌಶಲ್ಯವನ್ನೇ ಪ್ರಶ್ನಿಸಿದವರು ಕಡಿಮೆಯಿರಲಿಲ್ಲ.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ನಾಳೆ ಇಂಥ ತಂತ್ರಾಂಶ ಬರೆಯುವವರು. ಅವರಲ್ಲಿ ನನ್ನ ಮಾತು ಇಷ್ಟೇ: ತಾನೇನು ಮಾಡುತ್ತಿದ್ದೇನೆಂದು ಯಂತ್ರ ಮನುಷ್ಯನಿಗೆ ಹೊತ್ತಿಗೆ ಸರಿಯಾಗಿ, ಮುಟ್ಟುವಂತೆ ತಿಳಿಸದಿದ್ದರೆ, ತಪ್ಪಿನಲ್ಲಿ ಅದನ್ನು ರೂಪಿಸಿದವರಿಗೂ ಪಾಲಿದೆ. ಆ ಪಾಲನ್ನು ಸತ್ತವರ ಲೆಕ್ಕಕ್ಕೆ ಬರೆಯಬೇಡಿ.