ಸೋರುವುದು ಮೇಲಿನ ಮನೆ, ಖರ್ಚು ಯಾರದ್ದು?

ಜೂನ್ ಮೊದಲ ಮಳೆ ಬಿದ್ದ ಮರುದಿನವೇ ಪುತ್ತೂರು, ಬಿ.ಸಿ. ರೋಡು, ಮೂಡುಬಿದಿರೆ ಕಡೆಯ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊ ಓಡಾಡತೊಡಗುತ್ತದೆ. ಕೊನೆಯ ಮಹಡಿಯ ಮನೆಯ ಸೀಲಿಂಗಿನಲ್ಲಿ ಹಸಿ ಕಲೆ, ಕೆಳಗೊಂದು ಬಕೆಟ್. "ನಮ್ಮದು ಫಸ್ಟ್ ಫ್ಲೋರ್, ನಮಗೆಂತ ಸಂಬಂಧ?" ಅಂತ ಒಬ್ಬರ ಉತ್ತರ. "ಬಿಲ್ಡರಿಗೆ ಫೋನ್ ಮಾಡಿ ಮಾರಾಯ್ರೆ" ಅಂತ ಇನ್ನೊಬ್ಬರದ್ದು. ದುಬೈಯಲ್ಲಿರುವ ಮಾಲೀಕರು ಎರಡು ದಿನ ಬಿಟ್ಟು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಅದು ಒಪ್ಪಿಗೆಯೋ ಬರೀ ಸಮಾಧಾನವೋ ಗೊತ್ತಾಗುವಷ್ಟರಲ್ಲಿ ಆಟಿ ತಿಂಗಳು ಬಂದಿರುತ್ತದೆ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ತಾರಸಿ ಸೋರುವುದು ದೊಡ್ಡ ಸುದ್ದಿಯೇನಲ್ಲ. ಜಗಳ ಹುಟ್ಟುವುದು ಹಣ ಹಂಚುವಾಗ.

ಕಾನೂನು ಈ ವಿಷಯದಲ್ಲಿ ಜನ ಅಂದುಕೊಂಡದ್ದಕ್ಕಿಂತ ಸ್ಪಷ್ಟವಾಗಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಲ್ಲಿ ಅಡಿಪಾಯ, ಕಂಬ, ಮುಖ್ಯ ಗೋಡೆಗಳ ಜೊತೆಗೇ ಛಾವಣಿಯೂ ಎಲ್ಲರಿಗೂ ಸೇರಿದ ಭಾಗ. ಕಟ್ಟಡದ ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಮಾತು ಬೇರೆ. ಸಾಮಾನ್ಯ ಖರ್ಚನ್ನು ಪ್ರತಿಯೊಬ್ಬರ ಅವಿಭಜಿತ ಹಕ್ಕಿನ ಶೇಕಡಾ ಲೆಕ್ಕದಲ್ಲಿ ಹಂಚಬೇಕು. "ನಾನು ಟೆರೇಸಿಗೆ ಹೋಗುವುದೇ ಇಲ್ಲ" ಎಂದರೆ ಪಾಲು ತಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಗಲಾಟೆಯ ಮೂಲ ಎಲ್ಲಿ ಎಂದು ತಿಳಿಯುತ್ತದೆ. ಮೂರು ಮಹಡಿ, ಮಹಡಿಗೆ ನಾಲ್ಕರಂತೆ 12 ಮನೆಗಳ ಕಟ್ಟಡ ಅಂತ ಇಟ್ಟುಕೊಳ್ಳಿ. ಆರು ಮನೆ 1,200 ಚದರಡಿ, ಆರು ಮನೆ 800 ಚದರಡಿ. ತಾರಸಿ ಕೆಲಸಕ್ಕೆ 3,60,000 ರೂಪಾಯಿ. ಸಮಪಾಲು ಮಾಡಿದರೆ ತಲಾ 30,000. ಅಳತೆ ಪ್ರಕಾರ ದೊಡ್ಡ ಮನೆಗೆ 36,000, ಸಣ್ಣ ಮನೆಗೆ 24,000. ಮೇಲಿನ ನಾಲ್ಕು ಮನೆಯವರೇ ಕೊಡಲಿ ಎಂದರೆ ತಲಾ 90,000! ಅವಿಭಜಿತ ಹಕ್ಕು ಸಾಮಾನ್ಯವಾಗಿ ಮನೆಯ ಅಳತೆಯ ಜೊತೆಗೇ ಏರಿಳಿಯುವುದರಿಂದ ಕಾಯ್ದೆಯ ದಾರಿ ಎರಡನೆಯದಕ್ಕೇ ಹತ್ತಿರ. ಸರಿಯಾದ ಶೇಕಡಾ ಎಷ್ಟೆಂದು ಕ್ರಯಪತ್ರದಲ್ಲೋ ಘೋಷಣಾ ಪತ್ರದಲ್ಲೋ ಸಿಗುತ್ತದೆ. ಬೀರುವಿನಿಂದ ಅದನ್ನು ತೆಗೆದು ಓದಿದವರು ಕಡಿಮೆ, ಅಷ್ಟೇ.

ಎಲ್ಲರೂ ಒಪ್ಪಿ ಸಹಿ ಹಾಕಿದರೆ ಸಮಪಾಲಿನಲ್ಲೂ ಕೆಲಸ ಸಾಗುತ್ತದೆ. ಮೇಲಿನವರ ತಲೆಗೇ ಕಟ್ಟುವುದು ಮಾತ್ರ ನ್ಯಾಯವಲ್ಲ. ಸ್ಲ್ಯಾಬಿನೊಳಗೆ ಇಳಿದ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟು ಉದುರುತ್ತದೆ. ಕಟ್ಟಡದ ಬೆಲೆ ಇಳಿದಾಗ ಕೆಳಗಿನ ಮನೆಯ ಬೆಲೆಯೂ ಇಳಿಯುತ್ತದೆ.

ಹಾಗಂತ ಸೋರುವುದೆಲ್ಲ ಸಂಘದ ಖರ್ಚಲ್ಲ. ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗಿನ ಮನೆಗೆ ನೀರು ಇಳಿದರೆ ಸಾಮಾನ್ಯವಾಗಿ ಅದು ಆ ಇಬ್ಬರ ನಡುವಿನ ವಿಷಯ. ಸೋಲಾರ್ ಹೀಟರಿಗೋ ಡಿಶ್‌ಗೋ ಯಾರಾದರೂ ಟೆರೇಸಿಗೆ ಡ್ರಿಲ್ ಹೊಡೆಸಿದ್ದರೆ, ಆ ತೂತು ಮುಚ್ಚುವ ಖರ್ಚು ಅವರದ್ದೇ ಆಗಬೇಕು. ಇನ್ನು ಕೆಲವು ಕಡೆ ಟೆರೇಸಿನಲ್ಲಿ ಮೊಬೈಲ್ ಟವರೋ ಜಾಹೀರಾತು ಬೋರ್ಡೋ ಇರುತ್ತದೆ. ಟೆರೇಸು ಎಲ್ಲರದ್ದಾದರೆ ಆ ಬಾಡಿಗೆಯೂ ಎಲ್ಲರದ್ದು, ಹಂಚುವ ಅನುಪಾತವೂ ಅದೇ. ರಿಪೇರಿಗೆ ದುಡ್ಡಿಲ್ಲ ಎನ್ನುವ ಮೊದಲು ಆ ಬಾಡಿಗೆ ಯಾರ ಖಾತೆಗೆ ಹೋಗುತ್ತಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿ ವಿಷಯ ಇನ್ನಷ್ಟು ಸಿಕ್ಕು. 1972ರ ಕಾಯ್ದೆ ಮುಖ್ಯವಾಗಿ ವಾಸದ ಕಟ್ಟಡಗಳಿಗಾಗಿ ಮಾಡಿದ್ದು. ಹಾಗಾಗಿ ಅಂಗಡಿ ಮಾಲೀಕರು ಮೊದಲು ತಮ್ಮ ಕ್ರಯಪತ್ರದಲ್ಲಿ ಜಾಗದ ಅವಿಭಜಿತ ಹಕ್ಕು ಇದೆಯೇ, ನಿರ್ವಹಣೆ ಖರ್ಚಿನ ಬಗ್ಗೆ ಏನು ಬರೆದಿದೆ ಎಂದು ನೋಡಿಕೊಳ್ಳಬೇಕು. ಬಾಡಿಗೆಗೆ ಅಂಗಡಿ ಹಿಡಿದವರಿಗೆ ಛಾವಣಿಯ ದೊಡ್ಡ ರಿಪೇರಿ ಹೊರಿಸುವ ಮೊದಲು ಬಾಡಿಗೆ ಕರಾರು ಓದಲೇಬೇಕು.

ಕಟ್ಟಡ ಹೊಸದಾದರೆ ಜೇಬಿಗೆ ಕೈ ಹಾಕುವ ಅವಸರ ಬೇಡ. ರೇರಾ ಕಾಯ್ದೆ, 2016ರ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣಿಸುವ ರಚನೆಯ ಅಥವಾ ಕೆಲಸದ ದೋಷವನ್ನು, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಉಚಿತವಾಗಿ ಸರಿಪಡಿಸಿಕೊಡಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಫೋಟೊ ಸಮೇತ ಪತ್ರ ಹೋಗಬೇಕು.

ಹಣ ಕೊಡದವರಿಂದ ವಸೂಲಿ ಹೇಗೆ ಎಂಬುದೇ ಇಲ್ಲಿ ಕಷ್ಟದ ಪ್ರಶ್ನೆ. ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿಯಾಗಿದ್ದರೆ ಬಾಕಿ ಹಣ ಆ ಫ್ಲ್ಯಾಟಿನ ಮೇಲೇ ಹೊರೆಯಾಗಿ ನಿಲ್ಲುತ್ತದೆ. ಮಾರಿದಾಗ ಕೊಂಡವರೂ ಅದಕ್ಕೆ ಹೊಣೆಗಾರರಾಗಬಹುದು. ಆದ್ದರಿಂದ ಹಳೆ ಫ್ಲ್ಯಾಟ್ ಕೊಳ್ಳುವವರು ಸಂಘದಿಂದ "ಬಾಕಿ ಇಲ್ಲ" ಎಂಬ ಪತ್ರ ಕೇಳಿ ಪಡೆಯುವುದು ಒಳ್ಳೆಯದು. ಆದರೆ ಪೇಟೆಯ ಎಷ್ಟೋ ಸಣ್ಣ ಕಟ್ಟಡಗಳಲ್ಲಿ ವಾಟ್ಸಾಪ್ ಗುಂಪೇ ಸಂಘ. ಬೈಲಾ ಇಲ್ಲ, ಬ್ಯಾಂಕ್ ಖಾತೆ ಯಾರೋ ಒಬ್ಬರ ಹೆಸರಲ್ಲಿ. ಅಂಥಲ್ಲಿ ಕೊಟ್ಟವರು ಕೊಟ್ಟರು, ಬಿಟ್ಟವರು ಬಿಟ್ಟರು.

ಈಗೀಗ ಟೆರೇಸಿಗೆ ಪೂರ್ತಿ ಶೀಟ್ ಹಾಕಿಸುವವರೇ ಜಾಸ್ತಿ. ಅದು ರಿಪೇರಿಗಿಂತ ದೊಡ್ಡ ಕೆಲಸ. ಮಹಾಸಭೆಯ ನಿರ್ಣಯ, ಸ್ಥಳೀಯ ಸಂಸ್ಥೆಯ ಅನುಮತಿ ಎರಡನ್ನೂ ಮೊದಲೇ ನೋಡಿಕೊಳ್ಳಬೇಕು. ಶೀಟಿನ ಕೆಳಗಿನ ಜಾಗದ ಬೀಗ ಯಾರ ಕೈಯಲ್ಲಿ ಎಂದು ಆಗಲೇ ಬರೆದಿಡದಿದ್ದರೆ, ಬಟ್ಟೆ ಒಣಗಿಸುವ ಹಗ್ಗಕ್ಕೂ ಜಗಳ.

ವಾಟರ್‌ಪ್ರೂಫಿಂಗ್ ಕೋಟು ಒದ್ದೆ ಸ್ಲ್ಯಾಬಿನ ಮೇಲೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಆಗುವುದು ಟಾರ್ಪಾಲು ಹಾಸುವುದು, ಮಳೆನೀರಿನ ಪೈಪಿನ ಬಾಯಿಯಿಂದ ಎಲೆ ತೆಗೆಯುವುದು, ಸೋರುವ ಜಾಗಕ್ಕೆ ಗುರುತು ಹಾಕಿಡುವುದು. ಕೆಲಸ ಫೆಬ್ರವರಿಯಿಂದ ಏಪ್ರಿಲ್ ನಡುವೆ ಮುಗಿಯಬೇಕು. ಅಂದರೆ ಮುಂಬೈ, ಗಲ್ಫ್‌ನವರು ಊರಿಗೆ ಬರುವ ಮೇ ರಜೆಗೆ ಮೀಟಿಂಗ್ ಇಟ್ಟುಕೊಂಡರೆ ಆ ವರ್ಷದ ಮಳೆ ಹೋದಂತೆಯೇ. ಡಿಸೆಂಬರಿನಲ್ಲೇ ಮೂರು ಕೊಟೇಷನ್ ತರಿಸಿ, ಪಾಲಿನ ಪಟ್ಟಿ ಮಾಡಿ, ಊರಲ್ಲಿಲ್ಲದವರಿಂದ ಇಮೇಲಿನಲ್ಲಿ ಒಪ್ಪಿಗೆ ಪಡೆದಿರಬೇಕು. ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡುವುದು ಟೆರೇಸಿನಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಸೀಲಿಂಗು ಒಣಗಿಯೇ ಇದೆ ಎಂದು ಕಂಡ ಮೇಲೆ.