ಬರೆದವನಲ್ಲ, ಮಾರಿದವನು ಅಪರಾಧಿ

ಕಲಾವಿದನ ಬಾಯಿ ಮುಚ್ಚಿಸಲು ಸರ್ಕಾರ ನಿಷೇಧದ ಆದೇಶವನ್ನೇ ಹೊರಡಿಸಬೇಕೆಂದಿಲ್ಲ. ಅವನ ಕೃತಿ ಓದುಗರ ಕೈಸೇರುವ ದಾರಿಯನ್ನು ಮುಚ್ಚಿದರೆ ಸಾಕು. ಅಮೆರಿಕದ ‘ಭೂಗತ ಕಾಮಿಕ್ಸ್’ನ ಪ್ರಮುಖ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಅವರ ವೃತ್ತಿಜೀವನ ಈ ಮಾತಿಗೆ ನಿದರ್ಶನ.

ಸಾರ್ವಜನಿಕ ಟೀಕೆಗೂ ಸೆನೆಟ್ ವಿಚಾರಣೆಗೂ ಅಂಜಿದ ಅಲ್ಲಿನ ಕಾಮಿಕ್ಸ್ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಒಂದು ನೀತಿಸಂಹಿತೆಯನ್ನು ವಿಧಿಸಿಕೊಂಡರು. ಅದು ಕಾನೂನಾಗಿರಲಿಲ್ಲ. ಆದರೂ ಅದರ ಮುದ್ರೆಯಿಲ್ಲದ ಪುಸ್ತಕಗಳನ್ನು ಕೊಳ್ಳಲು ಬಹುತೇಕ ಸಗಟು ವಿತರಕರು ಹಿಂಜರಿದರು. 1943ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿ, ಕ್ಲೀವ್‌ಲ್ಯಾಂಡಿನ ಶುಭಾಶಯ ಪತ್ರಗಳ ಕಂಪೆನಿಯೊಂದರಲ್ಲಿ ಚಿತ್ರ ಬರೆಯುತ್ತಿದ್ದ ಕ್ರಂಬ್, 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಮರುವರ್ಷ ಅವರ ‘ಝ್ಯಾಪ್ ಕಾಮಿಕ್ಸ್’ ಹೊರಬಂದಾಗ ಬೀದಿಯಲ್ಲೇ ಮಾರಾಟವಾಯಿತು. ಬಳಿಕ ಭಿತ್ತಿಚಿತ್ರ, ಧೂಮಪಾನದ ಕೊಳವೆಗಳನ್ನು ಮಾರುತ್ತಿದ್ದ ಹಿಪ್ಪಿಗಳ ಅಂಗಡಿಗಳು ಇಂತಹ ಪುಸ್ತಕಗಳಿಗೆ ಆಶ್ರಯ ನೀಡಿದವು. ಸಂಹಿತೆಗೆ ನಿಲುಕದ ಹೊಸ ಮಾರುಕಟ್ಟೆಯೊಂದು ಹೀಗೆ ಹುಟ್ಟಿತು.

ಆದರೆ ಆ ಮಾರುಕಟ್ಟೆ ದುರ್ಬಲವಾಗಿತ್ತು. ‘ಝ್ಯಾಪ್’ನ ನಾಲ್ಕನೆಯ ಸಂಚಿಕೆಯನ್ನು ನ್ಯೂಯಾರ್ಕಿನ ನ್ಯಾಯಾಲಯ 1970ರಲ್ಲಿ ಅಶ್ಲೀಲವೆಂದು ಪರಿಗಣಿಸಿ, ಪುಸ್ತಕದಂಗಡಿಯಲ್ಲಿ ಅದನ್ನು ಮಾರಿದವರನ್ನು ಅಪರಾಧಿಗಳೆಂದು ಸಾರಿತು. ಅಶ್ಲೀಲತೆಯನ್ನು ಆಯಾ ಸಮುದಾಯದ ಮಾನದಂಡದಿಂದ ಅಳೆಯಬಹುದೆಂದು 1973ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ, ಮೊಕದ್ದಮೆಯ ಖರ್ಚು ಭರಿಸಲಾಗದ ಸಣ್ಣ ಅಂಗಡಿಕಾರರಿಗೆ ಭಯವೇ ಸಾಕಾಯಿತು.

ಕ್ರಂಬ್ ಅವರ ಚಿತ್ರಗಳೆಲ್ಲವೂ ಸಮರ್ಥನೀಯವೆಂದು ಇದರ ಅರ್ಥವಲ್ಲ. ಸ್ತ್ರೀಯರನ್ನೂ ಕರಿಯರನ್ನೂ ಅವರು ಚಿತ್ರಿಸಿದ ಬಗೆ ಅನೇಕರನ್ನು ನೋಯಿಸಿದೆ; ಆ ನೋವು ನ್ಯಾಯವಾದುದು. ಅವರನ್ನು ನೇರವಾಗಿ ಟೀಕಿಸಿದವರಲ್ಲಿ ವ್ಯಂಗ್ಯಚಿತ್ರಕಾರ್ತಿ ಟ್ರಿನಾ ರಾಬಿನ್ಸ್ ಒಬ್ಬರು. ಅವರು ಟೀಕಿಸಿ ಸುಮ್ಮನಾಗಲಿಲ್ಲ. 1970ರಲ್ಲಿ ಕೇವಲ ಮಹಿಳೆಯರೇ ರಚಿಸಿದ ಕಾಮಿಕ್ ಪುಸ್ತಕವನ್ನು ಹೊರತರುವಲ್ಲಿ ಮುಂದಾದರು. 1972ರಲ್ಲಿ ‘ವಿಮೆನ್ಸ್ ಕಾಮಿಕ್ಸ್’ ಆರಂಭವಾಯಿತು. ಚಿತ್ರಕ್ಕೆ ಚಿತ್ರವೇ ಉತ್ತರವಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಈ ಉತ್ತರವೂ ಓದುಗರನ್ನು ತಲುಪಿದ್ದು ಭೂಗತ ಕಾಮಿಕ್ಸ್‌ನ ಅದೇ ದಾರಿಯಿಂದ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಮೊದಲು ಮೂರು ಪುಟಗಳ ಕಥೆಯಾಗಿ 1972ರಲ್ಲಿ ಪ್ರಕಟವಾದದ್ದೂ ಭೂಗತ ಪುಸ್ತಕವೊಂದರಲ್ಲೇ. ಯಹೂದ್ಯರ ನರಮೇಧವನ್ನು ಚಿತ್ರಿಸಿದ ಆ ಕೃತಿ ಮುಂದೆ ಬೆಳೆದು 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆಯಿತು. ಕ್ರಂಬ್ ಒಬ್ಬರನ್ನು ತಡೆಯಲೆಂದು ಆ ದಾರಿಯನ್ನು ಆರಂಭದಲ್ಲೇ ಮುಚ್ಚಿದ್ದರೆ ಇವರೆಲ್ಲರೂ ಹೊರಗುಳಿಯುತ್ತಿದ್ದರು.

ಕ್ರಂಬ್ ಮಾತ್ರ ಉಳಿದುಕೊಂಡರು. 1991ರಲ್ಲಿ ಫ್ರಾನ್ಸಿಗೆ ತೆರಳಿದ ಅವರು, 2009ರಲ್ಲಿ ಬೈಬಲಿನ ಆದಿಕಾಂಡವನ್ನು ಸಮಗ್ರವಾಗಿ ಚಿತ್ರಿಸಿ ಪ್ರಕಟಿಸಿದರು. ಹೆಸರಾದವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ; ಹೆಸರಿಲ್ಲದವರಿಗೆ ಅಂಗಡಿಯೇ ಆಧಾರ.

ವಯಸ್ಕರಿಗೆಂದು ಬರೆದುದು ಮಕ್ಕಳ ಕೈಗೆ ಸಿಗಬಾರದೆಂಬುದು ಸರಿಯಾದ ಮಾತು. ಅದಕ್ಕೆ ವಯಸ್ಸಿನ ನಿರ್ಬಂಧ ಸಾಕು. ಅದನ್ನು ಮೀರಿ ಮಾರುವವನನ್ನು ಹೆದರಿಸುವ ಕಾನೂನು, ಕೆಟ್ಟ ಚಿತ್ರದೊಡನೆ ಅದಕ್ಕೆ ಬರಬೇಕಾದ ಒಳ್ಳೆಯ ಉತ್ತರವನ್ನೂ ತಡೆಯುತ್ತದೆ.