ಡೈನೊಸಾರ್ ಗೊಂಬೆಗೂ ಬೇಕು ಸಾಕ್ಷ್ಯ

ಯಾವ ಮನುಷ್ಯನೂ ಕಣ್ಣಾರೆ ಕಂಡಿರದ ಪ್ರಾಣಿಯ ಪ್ರತಿಕೃತಿಯನ್ನು ‘ನಿಖರ’ ಎಂದು ಕರೆಯುವುದಕ್ಕೆ ಅರ್ಥವಿದೆಯೇ? ನನಗೆ ಡೈನೊಸಾರ್ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸವಿದೆ ಎಂದು ತಿಳಿದ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ ಇದು. ಅರವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎಂಬುದು ಎರಡನೆಯದು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ.

ರಾಷ್ಟ್ರೀಯ ಆದಾಯವನ್ನೂ ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಅದನ್ನು ಲೆಕ್ಕ ಹಾಕುತ್ತೇವೆ. ಮೊದಲು ಮುಂಗಡ ಅಂದಾಜು, ಬಳಿಕ ತಾತ್ಕಾಲಿಕ ಅಂದಾಜು, ಆಮೇಲೆ ಪರಿಷ್ಕೃತ ಅಂದಾಜು ಎಂದು ಪ್ರಕಟಿಸುತ್ತೇವೆ. ಅಂಕಿ ಬದಲಾದ ಮಾತ್ರಕ್ಕೆ ಲೆಕ್ಕವೇ ಸುಳ್ಳೆಂದು ಬಲ್ಲವರು ಹೇಳುವುದಿಲ್ಲ. ಯಾವ ಮಾಹಿತಿಯ ಮೇಲೆ, ಯಾವ ವರ್ಷ, ಯಾವ ವಿಧಾನದಿಂದ ಆ ಅಂಕಿ ಬಂತೆಂದು ಕೇಳುತ್ತಾರೆ. ಅಳಿದುಹೋದ ಪ್ರಾಣಿಯ ಪ್ರತಿಕೃತಿಗೂ ಇದೇ ನ್ಯಾಯ ಸಲ್ಲಬೇಕು. ಹೋಲಿಸಿ ನೋಡಲು ಪ್ರಾಣಿಯೇ ಇಲ್ಲವಾದ್ದರಿಂದ ಇಲ್ಲಿ ನಿಖರತೆಗಿರುವ ಅರ್ಥ ಒಂದೇ: ಲಭ್ಯವಿರುವ ಸಾಕ್ಷ್ಯಕ್ಕೆ ನಿಷ್ಠೆ.

ನಾನು ಹೇಳುತ್ತಿರುವುದು ಜಾತ್ರೆಯ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಹಸಿರು ಪ್ಲಾಸ್ಟಿಕ್ ಹಲ್ಲಿಗಳ ಬಗ್ಗೆ ಅಲ್ಲ. ಒಂದು ಗೊತ್ತಾದ ಪ್ರಮಾಣಕ್ಕೆ ಇಳಿಸಿ, ಪಳೆಯುಳಿಕೆಗಳನ್ನು ಆಧರಿಸಿ ಮಾಡಿದ ಮಾದರಿಗಳ ಬಗ್ಗೆ. ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕಾಗಿ ಇನ್ವಿಕ್ಟಾ ಎಂಬ ಸಂಸ್ಥೆ 1974ರಲ್ಲಿ ಇಂಥ ಒಂದು ಮಾಲೆಯನ್ನು ಆರಂಭಿಸಿತು. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಸಫಾರಿ ಸಂಸ್ಥೆ 1988ರಿಂದ 2015ರವರೆಗೆ ಇನ್ನೊಂದು ಮಾಲೆಯನ್ನು, ಬಹುಮಟ್ಟಿಗೆ 1:40ರ ಪ್ರಮಾಣದಲ್ಲಿ, ಹೊರತಂದಿತು. ಈಗ ಜರ್ಮನಿ, ಫ್ರಾನ್ಸ್, ಚೀನಾದ ತಯಾರಕರೂ ಈ ಕ್ಷೇತ್ರದಲ್ಲಿದ್ದಾರೆ. ಅವರಲ್ಲಿ ಕೆಲವರ ಕೆಲಸ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿದೆ; ಕೆಲವರದು ಬಣ್ಣದಲ್ಲಿ ಮಾತ್ರ ಚೆನ್ನಾಗಿದೆ.

ಈ ಕಲೆಯ ಮೂಲಪುರುಷ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ಶರೀರರಚನಾ ತಜ್ಞ ರಿಚರ್ಡ್ ಓವೆನ್ ‘ಡೈನೊಸಾರ್’ ಎಂಬ ವರ್ಗವನ್ನು ಹೆಸರಿಸಿದ್ದು 1842ರಲ್ಲಿ. ಅವರದೇ ಸಲಹೆ ಪಡೆದು ಹಾಕಿನ್ಸ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಕ್ಕಾಗಿ ಆಳೆತ್ತರ ಮೀರಿದ ಶಿಲ್ಪಗಳನ್ನು ಮಾಡಿದರು. 1854ರಲ್ಲಿ ಅವು ಸಾರ್ವಜನಿಕರಿಗೆ ತೆರೆದುಕೊಂಡವು. ಅಲ್ಲಿನ ಇಗ್ವಾನೊಡಾನ್ ನಾಲ್ಕು ಕಾಲಿನ ಮೇಲೆ ನಿಂತ, ಮೂಗಿನ ತುದಿಯಲ್ಲಿ ಕೊಂಬಿರುವ ಪ್ರಾಣಿ. ಆಗ ಸಿಕ್ಕಿದ್ದ ಬಿಡಿ ಮೂಳೆಗಳಲ್ಲಿ ಕೊಂಬಿನಂಥದ್ದೊಂದಿತ್ತು, ಘೇಂಡಾಮೃಗದ ನೆನಪಿನಲ್ಲಿ ಅದನ್ನು ಮೂಗಿಗೆ ಏರಿಸಿದ್ದರು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳ ಗುಂಪೇ ಸಿಕ್ಕಾಗ, ಆ ‘ಕೊಂಬು’ ಹೆಬ್ಬೆರಳಿನ ಮುಳ್ಳೆಂದು ಖಚಿತವಾಯಿತು. ಶಿಲ್ಪಗಳು ಇಂದಿಗೂ ಅದೇ ಉದ್ಯಾನದಲ್ಲಿವೆ, ಮೂಗಿನ ಮೇಲಿನ ಕೊಂಬಿನ ಸಮೇತ. ಅವನ್ನು ನೋಡಿ ನಗುವುದು ಸುಲಭ. ಆದರೆ 1854ರಲ್ಲಿ ಕೈಯಲ್ಲಿದ್ದ ಮೂಳೆಗಳ ಮಟ್ಟಿಗೆ ಹಾಕಿನ್ಸ್ ಪ್ರಾಮಾಣಿಕರು.

ಮಾದರಿ ಸ್ವಲ್ಪ ದಪ್ಪವಾದರೇನು, ತೆಳ್ಳಗಾದರೇನು ಎನ್ನುವವರಿಗೆ ನಾನು ಒಂದು ಲೆಕ್ಕ ತೋರಿಸುತ್ತೇನೆ. ನಲವತ್ತರಲ್ಲಿ ಒಂದು ಪಾಲಿಗೆ ಉದ್ದವನ್ನು ಇಳಿಸಿದಾಗ ಗಾತ್ರ ನಲವತ್ತರ ಘನದಷ್ಟು, ಎಂದರೆ 64,000 ಪಟ್ಟು ಕುಗ್ಗುತ್ತದೆ. ಹಾಗಾಗಿ ಗೊಂಬೆಯ ಒಂದು ಮಿಲಿಲೀಟರ್ ನಿಜವಾದ ಪ್ರಾಣಿಯ 64 ಲೀಟರ್‌ಗೆ ಸಮ. ಹನ್ನೆರಡು ಮೀಟರ್ ಉದ್ದದ ಟೈರನೊಸಾರಸ್ 1:40ರಲ್ಲಿ 30 ಸೆಂಟಿಮೀಟರ್. ಅದರ ತೂಕ ಎಂಟು ಟನ್ ಎಂದು ಹಿಡಿದರೆ, ದೇಹದ ಸಾಂದ್ರತೆ ಸುಮಾರಾಗಿ ನೀರಿನಷ್ಟೇ ಎಂದುಕೊಂಡರೆ, ಗೊಂಬೆ ಚೆಲ್ಲಬೇಕಾದ ನೀರು 125 ಮಿಲಿಲೀಟರ್. ನನ್ನ ಬಳಿಯ ಒಂದು ಗೊಂಬೆಯನ್ನು ತುಂಬಿದ ಪಾತ್ರೆಯಲ್ಲಿ ಮುಳುಗಿಸಿದಾಗ 240 ಮಿಲಿಲೀಟರ್ ನೀರು ಚೆಲ್ಲಿತು. ಹದಿನೈದು ಟನ್ನಿಗೂ ಮೇಲೆ! ಆ ತೂಕ ಹೊತ್ತ ಪ್ರಾಣಿ ಬೇಟೆಯಾಡುವುದಿರಲಿ, ಎದ್ದು ನಿಲ್ಲುವುದೇ ಸಂಶಯ. ಪೆಟ್ಟಿಗೆಯ ಮೇಲೆ ಮಾತ್ರ ‘ವೈಜ್ಞಾನಿಕವಾಗಿ ನಿಖರ’ ಎಂದು ದಪ್ಪ ಅಕ್ಷರಗಳಲ್ಲಿತ್ತು.

ಇದು ನಿವೃತ್ತನೊಬ್ಬನ ಅಡುಗೆಮನೆಯ ಚೇಷ್ಟೆಯಷ್ಟೇ ಅಲ್ಲ. 1962ರಲ್ಲಿ ಅಮೆರಿಕದ ಎಡ್ವಿನ್ ಕೋಲ್ಬರ್ಟ್ ಅವರು ಚಿಕ್ಕ ಮಾದರಿಗಳ ಗಾತ್ರವನ್ನು ಮರಳಿನಲ್ಲಿ ಅಳೆದು ಡೈನೊಸಾರ್‌ಗಳ ತೂಕವನ್ನು ಅಂದಾಜಿಸಿದರು. ಬ್ರಾಕಿಯೊಸಾರಸ್‌ಗೆ ಅವರಿಗೆ ದೊರೆತ ಉತ್ತರ ಸುಮಾರು 78 ಟನ್. 1980ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಅವರು ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಪ್ಲಾಸ್ಟಿಕ್ ಗೊಂಬೆಗಳನ್ನೇ ತಂದು ಆರ್ಕಿಮಿಡೀಸ್ ತತ್ವದಿಂದ ಅಳೆದರು. ಅವರ ಬ್ರಾಕಿಯೊಸಾರಸ್ ತೂಗಿದ್ದು ಸುಮಾರು 47 ಟನ್. ನಂತರದ ಹಲವು ಅಂದಾಜುಗಳು ಅದಕ್ಕಿಂತಲೂ ಕೆಳಗಿವೆ. 31 ಟನ್ನಿನ ಅಂತರ ಎಲ್ಲಿಂದ ಬಂತು? ಮೂಳೆಗಳ ಮೇಲೆ ಎಷ್ಟು ಮಾಂಸ ಹೊದಿಸಬೇಕೆಂಬ ಶಿಲ್ಪಿಯ ತೀರ್ಮಾನವೇ ಅದಕ್ಕೆ ಮುಖ್ಯ ಕಾರಣ. ಉದ್ದ, ಅಗಲ, ಎತ್ತರ ಮೂರರಲ್ಲೂ ಶೇ 10ರಷ್ಟು ಕೈ ಸಡಿಲಬಿಟ್ಟರೆ ತೂಕ ಶೇ 33ರಷ್ಟು ಏರುತ್ತದೆ. ಆ ತೂಕದ ಮೇಲೆ ಪ್ರಾಣಿಯ ಓಟ, ಆಹಾರ, ಉಸಿರಾಟದ ಲೆಕ್ಕಗಳೆಲ್ಲ ನಿಲ್ಲುತ್ತವೆ.

ಗೊಂಬೆಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಮುಂಗೈಗಳನ್ನು. ಮಾಂಸಾಹಾರಿ ಡೈನೊಸಾರ್‌ಗಳ ಮಣಿಕಟ್ಟಿನ ರಚನೆ ಅಂಗೈಗಳು ಒಂದಕ್ಕೊಂದು ಎದುರಾಗಿರುವಂಥದ್ದು, ನಾವು ಕೈ ಮುಗಿಯುವ ಮುನ್ನ ಇರುತ್ತದಲ್ಲ, ಹಾಗೆ. ಅಗ್ಗದ ಗೊಂಬೆಗಳಲ್ಲಿ ಅವು ತಬಲಾ ಬಾರಿಸಲು ಕುಳಿತಂತೆ ಅಂಗೈಯನ್ನು ನೆಲಕ್ಕೆ ಮಾಡಿರುತ್ತವೆ. ಎರಡನೆಯದು ಪಾದಗಳು. ಎರಡು ಕಾಲಿನ ಮೇಲೆ ಗೊಂಬೆ ನಿಲ್ಲಬೇಕೆಂಬ ಕಾರಣಕ್ಕೆ ತಯಾರಕರು ಪಾದಗಳನ್ನು ಬಾತುಕೋಳಿಯ ಪಾದದಷ್ಟು ಅಗಲ ಮಾಡುತ್ತಾರೆ, ಇಲ್ಲವೇ ಬಾಲವನ್ನು ನೆಲಕ್ಕೆ ಊರಿಸಿ ಮೂರನೆಯ ಕಾಲಾಗಿಸುತ್ತಾರೆ. ಇದರಲ್ಲಿ ವಿಜ್ಞಾನಕ್ಕಿಂತ ವೆಚ್ಚದ ಪ್ರಶ್ನೆ ಹೆಚ್ಚು. ಒಂದು ಸಣ್ಣ ಪೀಠ ಕೊಟ್ಟಿದ್ದರೆ ಸಾಕಿತ್ತು. (ಬೇಸಿಗೆಯಲ್ಲಿ ಪ್ಲಾಸ್ಟಿಕ್ ಮೆದುವಾಗಿ ಗೊಂಬೆ ವಾಲಿದರೆ ಅದರ ಕಾಲನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಬೇಕು. ಸಂಗ್ರಹಕಾರರೆಲ್ಲ ಬಲ್ಲ ಉಪಾಯ.) ಮೂರನೆಯದು ಮೈಹೊದಿಕೆ. ಚೀನಾದಲ್ಲಿ ಸಿಕ್ಕ ಸೈನೊಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೊಸಾರ್‌ನ ಮೈಮೇಲೆ ಗರಿಯಂಥ ಎಳೆಗಳಿದ್ದವೆಂದು 1996ರಲ್ಲಿ ಜಗತ್ತಿಗೆ ತಿಳಿಯಿತು. 2010ರಲ್ಲಿ ಆ ಎಳೆಗಳಲ್ಲಿ ಉಳಿದಿದ್ದ ಸೂಕ್ಷ್ಮ ವರ್ಣಕೋಶಗಳ ಅಧ್ಯಯನದಿಂದ ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂಬ ತೀರ್ಮಾನಕ್ಕೂ ಬಂದರು. ವೆಲೊಸಿರಾಪ್ಟರ್‌ನ ಮುಂದೋಳಿನ ಮೂಳೆಯ ಮೇಲೆ ಗರಿಗಳು ನಾಟಿಕೊಂಡಿದ್ದ ಗಂಟುಗಳು ಕಂಡದ್ದು 2007ರಲ್ಲಿ.

ಇಲ್ಲಿಯೇ ನನ್ನ ಆಕ್ಷೇಪವಿರುವುದು. ಬಾಲ ಎಳೆದುಕೊಂಡು ನೆಟ್ಟಗೆ ನಿಂತಿರುವ 1974ರ ಗೊಂಬೆಯಲ್ಲಿ ನಾನು ದೋಷ ಹುಡುಕುವುದಿಲ್ಲ. ಅದು ಆ ವರ್ಷದ ತಿಳಿವಳಿಕೆಯ ದಾಖಲೆ. ಸ್ಪೈನೊಸಾರಸ್‌ನ ಉದಾಹರಣೆ ನೋಡಿ. 1915ರಲ್ಲಿ ಜರ್ಮನಿಯ ಸ್ಟ್ರೋಮರ್ ಹೆಸರಿಟ್ಟ ಈ ಪ್ರಾಣಿಯ ಮೂಲ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ನಾಶವಾದವು. 2014ರ ಸಂಶೋಧನೆ ಅದರ ಹಿಂಗಾಲುಗಳು ಗಿಡ್ಡವೆಂದಿತು. 2020ರದು ಅದಕ್ಕೆ ಹುಟ್ಟಿನಂಥ ಅಗಲ ಬಾಲವಿತ್ತೆಂದಿತು. ನನ್ನ ಕಪಾಟಿನಲ್ಲಿ ನಾಲ್ಕು ಸ್ಪೈನೊಸಾರಸ್‌ಗಳಿವೆ, ಒಂದರಂತೆ ಇನ್ನೊಂದಿಲ್ಲ. ನಾಲ್ಕನ್ನೂ ಇಟ್ಟುಕೊಂಡಿದ್ದೇನೆ. ಆದರೆ 1993ರ ಚಲನಚಿತ್ರವೊಂದರಲ್ಲಿ ಬಂದ ಮಾತ್ರಕ್ಕೆ, ಟರ್ಕಿ ಕೋಳಿಯ ಗಾತ್ರದ ವೆಲೊಸಿರಾಪ್ಟರನ್ನು ಆಳೆತ್ತರದ, ಒಂದು ಪುಕ್ಕವೂ ಇಲ್ಲದ ಹಲ್ಲಿಯಾಗಿ ಇಂದು ತಯಾರಿಸಿ, ಅದರ ಮೇಲೆ ‘ವೈಜ್ಞಾನಿಕ’ ಎಂದು ಮುದ್ರಿಸುವುದನ್ನು ಅಜ್ಞಾನವೆಂದು ಮನ್ನಿಸಲಾಗದು. ಕಾಲದ ಮಿತಿ ಬೇರೆ, ಉದಾಸೀನ ಬೇರೆ. ಚಿತ್ರದ ಗೊಂಬೆಯೆಂದೇ ಮಾರಲಿ, ಯಾರದೂ ತಕರಾರಿಲ್ಲ.

ಮಕ್ಕಳ ಆಟದ ಸಾಮಾನಿಗೆ ಇಷ್ಟೆಲ್ಲ ವಿಚಾರಣೆ ಏಕೆ ಎಂದು ಕೇಳುವವರು, ಆ ಮಕ್ಕಳನ್ನು ಒಮ್ಮೆ ಮಾತಾಡಿಸಿ ನೋಡಬೇಕು. ಏಳು ವರ್ಷದ ಹುಡುಗಿ ಡೈನೊಸಾರ್‌ಗಳ ಹೆಸರನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ. ‘ಇದಕ್ಕೆ ಗರಿ ಇತ್ತೆಂದು ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಸಹಜವಾಗಿ ಹುಟ್ಟುವ ವಯಸ್ಸು ಅದು. ಪಠ್ಯಪುಸ್ತಕಕ್ಕಿಂತ ಮೊದಲು ಅವಳ ಕೈಗೆ ಬರುವುದು ಗೊಂಬೆ.

ಭಾರತದ ಡೈನೊಸಾರ್‌ಗಳ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಜಬಲ್ಪುರದಲ್ಲಿ ಸ್ಲೀಮನ್ ಎಂಬ ಸೈನ್ಯಾಧಿಕಾರಿಗೆ ಪಳೆಯುಳಿಕೆಗಳು ಸಿಕ್ಕಿದ್ದು 1828ರಲ್ಲಿ. ‘ಡೈನೊಸಾರ್’ ಎಂಬ ಪದ ಹುಟ್ಟುವುದಕ್ಕೂ ಮೊದಲು. ಗುಜರಾತಿನ ರಹಿಯೋಲಿಯಲ್ಲಿ 1982-84ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸಂಗ್ರಹಿಸಿದ ಮೂಳೆಗಳಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಾಯಿತು. ಇದರ ಗೊಂಬೆಯೂ ಮಾರುಕಟ್ಟೆಗೆ ಬಂದಿದೆ, ವಿದೇಶಿ ತಯಾರಕರಿಂದ. ಮೂಲದಲ್ಲಿ ಸಿಕ್ಕಿರುವುದು ಮಿದುಳನ್ನು ಆವರಿಸುವ ತಲೆಬುರುಡೆಯ ಭಾಗ, ಬೆನ್ನೆಲುಬಿನ ಮಣಿಗಳು, ಸೊಂಟ, ಹಿಂಗಾಲು ಮತ್ತು ಬಾಲದ ಮೂಳೆಗಳು. ಉಳಿದುದನ್ನು ಮಡಗಾಸ್ಕರಿನ ಮಜುಂಗಾಸಾರಸ್‌ನಂಥ ಬಂಧುಗಳಿಂದ ಎರವಲು ತರಬೇಕು. ಇದು ಸರಿಯಾದ ವಿಧಾನವೇ. ಆದರೆ ಗೊಂಬೆ ಕೊಂಡವನಿಗೆ ನರ್ಮದೆಯದು ಎಷ್ಟು, ಮಡಗಾಸ್ಕರಿನದು ಎಷ್ಟು ಎಂದು ತಿಳಿಯುವ ಬಗೆಯಿಲ್ಲ.

ಅರ್ಥಶಾಸ್ತ್ರ ಓದಿದವರಿಗೆ ಇನ್ನೊಂದು ಹೆಸರು ಹತ್ತಿರದ್ದಾಗಬೇಕು. ಎರಡನೇ ಪಂಚವಾರ್ಷಿಕ ಯೋಜನೆಯ ಶಿಲ್ಪಿ ಮಹಾಲನೋಬಿಸ್ ಅವರು ತಾವು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಭೂವಿಜ್ಞಾನಕ್ಕೂ ಜಾಗ ಕೊಟ್ಟರು. ಆ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಇಸಿಸಾರಸ್ ಎಂಬ ಡೈನೊಸಾರ್‌ನ ಹೆಸರಾಗಿವೆ. ಅದರ ಜತೆಯ ‘ಕೋಲ್ಬರ್ಟಿ’, ಮರಳಿನಲ್ಲಿ ಗೊಂಬೆ ಅಳೆದ ಅದೇ ಕೋಲ್ಬರ್ಟ್ ಅವರ ಗೌರವಾರ್ಥ. ಅಂಕಿಅಂಶದ ಸಂಸ್ಥೆಯೊಂದರ ಹೆಸರು ಹೊತ್ತ ಡೈನೊಸಾರ್ ಬೇರೆಲ್ಲಾದರೂ ಇದೆಯೇ, ತಿಳಿದವರು ಹೇಳಬೇಕು.

ಆಮದು ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಇಂಥ ರಕ್ಷಣೆಯ ಗೋಡೆ ಕಟ್ಟಿದವರು ಅದರೊಳಗೆ ಏನು ಬೆಳೆಯಬೇಕೆಂದೂ ಯೋಚಿಸಬೇಕಲ್ಲವೇ? ಲಂಡನ್ನಿನಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ವಸ್ತುಸಂಗ್ರಹಾಲಯ ಮತ್ತು ತಯಾರಕ ಕೈಜೋಡಿಸಿದ ಮಾದರಿ ನಮ್ಮ ಮುಂದಿದೆ. ಕೋಲ್ಕತ್ತದ ಆ ಸಂಸ್ಥೆಯಲ್ಲಿ ಬಾರಾಪಾಸಾರಸ್ ಟಾಗೋರಿಯ ಅಸ್ಥಿಪಂಜರ ನಿಂತಿದೆ. ಪ್ರಾಣಹಿತಾ-ಗೋದಾವರಿ ಕೊಳ್ಳದಲ್ಲಿ ಸಿಕ್ಕ ಮುನ್ನೂರರಷ್ಟು ಮೂಳೆಗಳ ಫಲ ಅದು. ರವೀಂದ್ರರ ಜನ್ಮಶತಾಬ್ದಿಯ ನೆನಪು ಅದರ ಹೆಸರಿನಲ್ಲಿದೆ. ಅದರ ತಲೆಬುರುಡೆ ಸಿಕ್ಕಿಲ್ಲ, ಕೆಲವು ಹಲ್ಲುಗಳು ಮಾತ್ರ ಸಿಕ್ಕಿವೆ. ನಮ್ಮ ತಯಾರಕರೊಬ್ಬರು ಅದನ್ನು 1:40ರಲ್ಲಿ ತಯಾರಿಸಲಿ. ಹೊಟ್ಟೆಯ ಅಡಿಯಲ್ಲಿ ಹೆಸರು, ಪ್ರಮಾಣ, ಇಸವಿಗಳ ಜತೆ ಇನ್ನೊಂದು ಸಾಲಿಗೂ ಜಾಗವಿರುತ್ತದೆ: ‘ತಲೆ ಊಹೆಯದು’.